ಕಡೆಯ ಗಾಡಿ ಮಣ್ಣು

ನಮ್ಮ ಮನೆಯ ಪಡುವಣ ಗೋಡೆ ಕುಸಿದದ್ದು ಫಕ್ಕೀರಪ್ಪನವರ ತಪ್ಪಿನಿಂದಲ್ಲ, ನನ್ನಿಂದ. ಅದು ಯಾಕೆ ಕುಸಿಯಿತು ಎಂದು ನನಗೆ ಅಂದೇ ಗೊತ್ತಿತ್ತು. ಅವರು ನನ್ನ ಮುಖ ನೋಡಿ ಒಂದು ಮಾತು ಕೇಳಿದರು — ನಾನು ಸುಳ್ಳು ಹೇಳಿದೆ. ಉದ್ದನೆಯ ಸುಳ್ಳೇನಲ್ಲ, ಒಂದೇ ಪದದ್ದು. ಆ ಪದವನ್ನು ನಂಬಿ ಅವರು ಎಂಟು ವರ್ಷ ತಮ್ಮ ಕಸುಬು ಬಿಟ್ಟು ಕುಳಿತರು. ಹನ್ನೊಂದು ಮನೆಯವರು ಎಂಟು ಬೇಸಿಗೆ ತಗಡಿನ ಕೆಳಗೆ ಬೆಂದರು. ನಾನು ಮಾತ್ರ ಫಕ್ಕೀರಪ್ಪ ಕಟ್ಟಿಕೊಟ್ಟ ಮನೆಯಲ್ಲಿ ತಂಪಾಗಿ ಇದ್ದೆ.

ಇಷ್ಟು ಹೇಳಿ ಮುಗಿಸಬಹುದು. ಆದರೆ ಇಷ್ಟಕ್ಕೇ ಬಿಟ್ಟರೆ ನೀವು ನನ್ನನ್ನು ಸಲೀಸಾಗಿ ಕ್ಷಮಿಸಿಬಿಡುತ್ತೀರಿ. ಶಾಲೆಯ ಅಕ್ಕೋರು, ಪಾಪ, ಏನೋ ಒಂದು ಸಲ ಬಾಯಿ ತಪ್ಪಿತು ಅಂತ — ಹಾಗಲ್ಲ ಅದು. ಮೊದಲಿನಿಂದ ಹೇಳುತ್ತೇನೆ.

ಹಾನಗಲ್ಲಿನಿಂದ ಹಂಸಭಾವಿಯ ಕಡೆಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಊರು, ಅಲ್ಲಿನ ಪ್ರಾಥಮಿಕ ಶಾಲೆಯಲ್ಲಿ ನಾನು ಶಿಕ್ಷಕಿ. ಊರವರ ಬಾಯಲ್ಲಿ 'ಅಕ್ಕೋರು'. ನನಗೆ ಮದುವೆಯಾಗಲಿಲ್ಲ. ಅದರ ಹಿಂದೆ ಏನಾದರೂ ಕಥೆಯಿರಬೇಕೆಂದು ಕಾಯಬೇಡಿ — ಆಗಲಿಲ್ಲ, ಅಷ್ಟೇ. ಅವ್ವ ನನ್ನ ಜೊತೆಗಿದ್ದಳು. ನಾವಿಬ್ಬರೂ ಒಂಬತ್ತು ವರ್ಷ ಒಂದು ಬಾಡಿಗೆ ಖೋಲಿಯಲ್ಲಿ ಕಳೆದೆವು. ಮೇಲೆ ತಗಡು. ಚೈತ್ರ ಬಂತೆಂದರೆ ಅವ್ವ ಮಧ್ಯಾಹ್ನವೆಲ್ಲ ಹಸಿ ಸೀರೆ ಹೊದ್ದುಕೊಂಡು ಕೂರುತ್ತಿದ್ದಳು; ಸೀರೆ ಒಣಗಿದ ಕೂಡಲೇ ಎದ್ದು ಮತ್ತೆ ತೋಯಿಸಿಕೊಂಡು ಬರುತ್ತಿದ್ದಳು. ತಗಡಿನ ಕೆಳಗಿನ ಮಧ್ಯಾಹ್ನ ಎಂದರೇನು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಇದನ್ನು ನೆನಪಿಟ್ಟುಕೊಳ್ಳಿ. ಗೊತ್ತಿಲ್ಲದೆ ಮಾಡಿದೆ ಎನ್ನಲು ನನಗೆ ದಾರಿಯಿಲ್ಲ.

ತುರ್ತು ಪರಿಸ್ಥಿತಿ ಮುಗಿದ ಮರುವರ್ಷ ಊರಂಚಿನಲ್ಲಿ ಒಂದು ತುಣುಕು ಜಾಗ ನಮ್ಮದಾಯಿತು. ಆಗ ಸಿಮೆಂಟಿಗೆ ಪರ್ಮಿಟ್ ಬೇಕು. ಅರ್ಜಿ ಹಾಕಿದವರ ಮನೆಯ ಕೂಸಿಗೆ ಹಲ್ಲು ಬಂದರೂ ಸಿಮೆಂಟ್ ಬರುತ್ತಿರಲಿಲ್ಲ. ಅವ್ವನೇ ಅಂದಳು, ನಾವು ಹುಟ್ಟಿದ್ದೆಲ್ಲ ಮಣ್ಣಿನ ಮನೆಯಲ್ಲೇ, ಮಣ್ಣಿನದೇ ಕಟ್ಟಿಸೋಣ ಅಂತ. ಹಂಸಭಾವಿಯಲ್ಲಿ ಅವಳ ಅಕ್ಕನ ಮನೆ ಕಟ್ಟಿದ್ದ ಒಬ್ಬರು ಅವಳಿಗೆ ನೆನಪಿದ್ದರು. ಬಂಕಾಪುರದ ಹತ್ತಿರದವರು, ಮಣ್ಣಿನ ಗೋಡೆ ಹಾಕುವ ಫಕ್ಕೀರಪ್ಪ. ಹೇಳಿ ಕಳಿಸಿದೆವು.

ಐವತ್ತೈದರ ಆಸುಪಾಸಿನ ಮನುಷ್ಯ, ಸಣ್ಣ ಆಳು, ಮಾತು ಕಮ್ಮಿ, ಬಾಯಲ್ಲಿ ಸದಾ ತಂಬಾಕು. ಬಂದ ಮೊದಲ ದಿನ ಅವರು ಕೆಲಸವನ್ನೇ ಮಾಡಲಿಲ್ಲ. ತಲೆಗೆ ಟವೆಲ್ ಸುತ್ತಿಕೊಂಡು ಖಾಲಿ ಜಾಗದ ನಡುವೆ ಕುಳಿತರು. ಬಿಸಿಲು ಸರಿದಂತೆ ತಾವೂ ಸರಿದರು, ಸರಿದಲ್ಲೆಲ್ಲ ಒಂದೊಂದು ಕಲ್ಲು ಇಟ್ಟರು. ಅವ್ವ ಎರಡು ಸಲ ಚಹಾ ಮಾಡಿ ಒಯ್ದಳು. ಈ ಮನುಷ್ಯ ಮನೆ ಕಟ್ಟಲು ಬಂದಿದ್ದಾನೋ ಬಿಸಿಲು ಕಾಸಲು ಬಂದಿದ್ದಾನೋ ಎಂದು ನನ್ನ ಕಿವಿಯಲ್ಲಿ ಗೊಣಗಿದಳು. ಸಂಜೆ ಹೊತ್ತು ಮುಳುಗಿದ ಮೇಲೆ ಫಕ್ಕೀರಪ್ಪ ಎದ್ದು ಮೈ ಮುರಿದು ಎಲ್ಲ ಹೇಳಿದರು: ಬಾಗಿಲು ಎಲ್ಲಿ, ಕಿಟಕಿ ಯಾವ ಎತ್ತರಕ್ಕೆ, ಸೂರು ಎಷ್ಟು ಮೊಳ ಮುಂದೆ ಚಾಚಬೇಕು, ಒಲೆಯ ಮೇಲೆ ಬೆಳಕಿಂಡಿ ಎಲ್ಲಿ ಬಿಡಬೇಕು. ಪಡುವಣಕ್ಕೆ ಕಿಟಕಿಯೇ ಬೇಡ, ಆ ಗೋಡೆ ಎಲ್ಲಕ್ಕಿಂತ ದಪ್ಪ ಇರಲಿ, ಇಳಿಬಿಸಿಲನ್ನು ಅದೇ ತಡೆಯಬೇಕು ಎಂದರು. ಕಾಗದ ಇಲ್ಲ, ನಕ್ಷೆ ಇಲ್ಲ. ಎರಡು ಅಂಕಣದ ಮನೆ, ಮುಂದೊಂದು ಸಣ್ಣ ಪಡಸಾಲೆ, ಅಷ್ಟೇ.

ಆಮೇಲೆ ಮಣ್ಣು ಹುಡುಕುವ ಕೆಲಸ. ಅವರ ಹಿಂದೆ ನಾನೂ ರವಿವಾರ ಪೂರ್ತಿ ಅಲೆದೆ. ಮೇಲಿನ ಮಣ್ಣು ಕೆರೆದು ಚೆಲ್ಲಿ, ಒಳಗಿನದು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಹಲ್ಲಿನ ನಡುವೆ ಆಡಿಸಿ, ಉಗುಳುವರು. ನಾಲಿಗೆಗೆ ಉಪ್ಪು ಹತ್ತಿದರೆ ಆ ಮಣ್ಣು ಬೇಡ. ಹಲ್ಲಿಗೆ ಗರಗರ ಎಂದರೆ ಮರಳು ಜಾಸ್ತಿ. ಅಂಗುಳಕ್ಕೆ ಅಂಟಿ ಕೂತರೆ ಜಿಗಟು ಜಾಸ್ತಿ, ಒಣಗಿದ ಮೇಲೆ ಬಿರಿಯುತ್ತದೆ. ಮೂರು ಕಡೆ ಉಗುಳಿ ನಾಲ್ಕನೆಯ ಕಡೆ ಅವರು ಉಗುಳದೆ ನುಂಗಿದರು. ನಾನು ನಕ್ಕೆ. ಅವರೂ ನಕ್ಕರು. ಆ ತಗ್ಗಿನಿಂದ ಐವತ್ತು ಗಾಡಿಗೂ ಮಿಕ್ಕಿ ಮಣ್ಣು ಬಂತು. ಒಂದೊಂದು ಗಾಡಿಯದನ್ನೂ ಚಿಟಿಕೆ ರುಚಿ ನೋಡಿಯೇ ಇಳಿಸಗೊಟ್ಟರು.

ಮಣ್ಣಿಗೆ ಭತ್ತದ ಹುಲ್ಲು ಕತ್ತರಿಸಿ ಹಾಕಿ ನೀರು ಬಿಟ್ಟು ಎಂಟು ದಿನ ಕೊಳೆಸಿದರು. ಓಣಿಯೆಲ್ಲ ನಾತ. ಆಮೇಲೆ ತುಳಿಯುವುದು. ಅವ್ವ, ನಾನು, ಓಣಿಯ ಹೆಂಗಸರು ಸೀರೆ ಎತ್ತಿ ಸಿಕ್ಕಿಸಿಕೊಂಡು ಮೊಣಕಾಲುದ್ದ ಕೆಸರಿನಲ್ಲಿ ಇಳಿದೆವು. ಶಾಲೆಗೆ ಹೋದರೆ ಹಿಮ್ಮಡಿಯ ಸಂದಿನಲ್ಲಿ ಇನ್ನೂ ಮಣ್ಣು. ಮೊಣಕಾಲೆತ್ತರ ಕಲ್ಲಿನ ಪಾಯ, ಅದರ ಮೇಲೆ ಮೊಳದೆತ್ತರ ಮಣ್ಣು, ಅದು ಒಣಗುವ ತನಕ ಕೈಕಟ್ಟಿ ಕೂರುವುದು, ಮತ್ತೆ ಮೊಳದೆತ್ತರ. ಅವಸರ ಮಾಡಿದರೆ ಫಕ್ಕೀರಪ್ಪ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ನನ್ನ ಜೀವನದಲ್ಲಿ ಅಷ್ಟು ಸುಖವಾಗಿ ಕಾದದ್ದು ಬೇರೆ ಯಾವುದಕ್ಕೂ ಇಲ್ಲ.

ಪಡುವಣ ಗೋಡೆ ಎಲ್ಲಕ್ಕಿಂತ ಕಡೆಗೆ ಎದ್ದಿತು. ಅದಕ್ಕೆ ಮಣ್ಣು ಸಾಲದೆ ಇನ್ನೊಂದು ಗಾಡಿ ತರಿಸಿದರು. ಅದೇ ಕಡೆಯ ಗಾಡಿ. ಗೋಡೆ ಮುಗಿದ ದಿನ ಅವರು ನನ್ನನ್ನು ಕರೆದು ನಿಲ್ಲಿಸಿ ಒಂದು ಮಾತು ಹೇಳಿದರು, ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳಿದರು.

"ಗ್ವಾಡಿ ಮಳಿಗಾಲದಾಗ ನೀರು ಕುಡೀತೈತ್ರಿ ಅಕ್ಕೋರ, ಬಿಸಲಿಗೆ ಹೊರಗ ಬಿಡತೈತಿ. ಮ್ಯಾಲೆ ಮಣ್ಣು ಸಗಣಿ ಏನರ ಬಳೀರಿ, ಸಿಮೆಂಟ ಮಾತ್ರ ಬ್ಯಾಡ. ಅದರ ಬಾಯಿ ಮುಚ್ಚಬ್ಯಾಡ್ರಿ."

ನಾನು ಹೂಂ ಎಂದೆ. ಕೇಳಿಸಿಕೊಂಡೇ ಹೂಂ ಎಂದೆ.

ಅಷ್ಟರಲ್ಲಿ ಅವರ ಮಗಳು ನೀಲವ್ವನ ಕೂಸಿನ ತೊಟ್ಟಿಲ ಕಾರ್ಯ ಬಂತು. ಎಂಟು ದಿನಕ್ಕೆ ಬರುತ್ತೇನೆಂದು ಹೇಳಿ ಬಂಕಾಪುರಕ್ಕೆ ಹೋದರು. ಈ ಕಡೆ ಶಾಲೆಯಲ್ಲಿ ಮಾತು ಶುರುವಾಗಿತ್ತು. ಅಕ್ಕೋರು ಹುತ್ತ ಕಟ್ಟಿಸಾಕತ್ತಾರಂತ, ಒಳಗ ಯಾರನ್ನ ಇಡತಾರೋ — ಸಹೋದ್ಯೋಗಿಯೊಬ್ಬರು ಎಲ್ಲರೆದುರು ಹೇಳಿದರು, ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ಮಾತ್ರ ನಗು ಬರಲಿಲ್ಲ. ನಮ್ಮ ಕಡೆ ಮಳೆಗಾಳಿ ಬಡಿಯುವುದು ಪಡುವಣದಿಂದ. ಆ ಗೋಡೆಯ ಮುಂದೆ ನಿಂತು ನೋಡಿದೆ. ಬರೀ ಮಣ್ಣು. ನನ್ನ ಒಂಬತ್ತು ವರ್ಷದ ಆಸೆಯೆಲ್ಲ ಬರೀ ಮಣ್ಣು ಅನ್ನಿಸಿಬಿಟ್ಟಿತು.

ನನ್ನ ತಮ್ಮ ಆಗ ಸವಣೂರಿನಲ್ಲಿ ಒಬ್ಬ ಗುತ್ತಿಗೆದಾರನ ಹತ್ತಿರ ಕೆಲಸಕ್ಕಿದ್ದ. ನಾನೇ ಅವನಿಗೆ ಕಾಗದ ಬರೆದೆ. ಅವನು ಹೇಗೋ ಎರಡು ಚೀಲ ಸಿಮೆಂಟ್ ಹೊಂದಿಸಿ ತಂದ. ಪಾಯದ ಮೇಲಿನಿಂದ ಎದೆಯ ಮಟ್ಟದ ತನಕ ಹೊರಮೈಗೆ ಒಂದು ಪದರ ಬಳಿದ. ನಾನು ಅದರ ಮೇಲೆ ಮಣ್ಣು ಸಗಣಿ ಕಲಸಿ ಸಾರಿಸಿ ಮುಚ್ಚಿದೆ. ಅವ್ವ ಸಗಣಿ ಕಲಸಿಕೊಟ್ಟಳು. ಫಕ್ಕೀರಪ್ಪ ಬಂದವರು ಬಡಿದು ನೋಡಿಬಿಟ್ಟಾರೆಂದು ಸೂರಿಗೆ ಹೊದಿಸಿ ಉಳಿದ ಹಂಚನ್ನೆಲ್ಲ ಆ ಗೋಡೆಗೆ ಒರಗಿಸಿ ಒಟ್ಟಿದೆ. ಅವರು ಬಂದರು, ನೋಡಿದರು, ಸಾರಿಸಿದ್ದು ಚೆನ್ನಾಗಿದೆ, ಅಕ್ಕೋರ ಕೈ ಕುದುರಿತು ಎಂದರು. ಇನ್ನೂ ನಾಚಿಕೆಯಾಗುತ್ತದೆ ಆ ಮಾತು ನೆನೆದರೆ.

ಮನೆ ಮಾತ್ರ — ಏನು ಹೇಳಲಿ. ಮೊದಲ ಬೇಸಿಗೆಯಲ್ಲೇ ಅವ್ವ ಹಸಿ ಸೀರೆ ಮರೆತಳು. ಹೊರಗೆ ನೆಲ ಕಾದು ಕಾಲಿಡಲಾಗದ ಹೊತ್ತಿನಲ್ಲಿ ಒಳಗೆ ಬಂದರೆ ಕೊಡದ ನೀರಿನಂಥ ತಂಪು. ಚಳಿಗಾಲದಲ್ಲಿ ಬೆಳಗಿನ ತನಕ ಗೋಡೆ ಬೆಚ್ಚಗೆ. ಬೆಳಕಿಂಡಿಯ ಬಿಸಿಲು ಒಲೆಯ ಮೇಲಿಂದ ಅಕ್ಕಿಡಬ್ಬಿಯ ತನಕ ಸರಿದರೆ ಶಾಲೆಗೆ ಹೊತ್ತಾಯಿತೆಂದು ಲೆಕ್ಕ. ಕಂದೀಲು ಹಚ್ಚುವುದು ಪೂರ್ತಿ ಕತ್ತಲಾದ ಮೇಲೆಯೇ. ಮುಂದೆ ಓಣಿಗೆ ಕರೆಂಟು ಬಂದಾಗ ಒಂದು ಬಲ್ಬು ಹಾಕಿಸಿಕೊಂಡೆವು. ಫ್ಯಾನ್ ಇಂದಿಗೂ ಇಲ್ಲ. ಶಾಲೆ ನೋಡಲು ಬಂದ ಸಾಹೇಬರೊಬ್ಬರು ನಮ್ಮಲ್ಲಿ ಊಟ ಮಾಡಿ, ಗೋಡೆಗೆ ಒರಗಿದವರು ಹಾಗೇ ಗೊರಕೆ ಹೊಡೆದರು. ಆ ದಿನ ಶಾಲೆಯ ತನಿಖೆ ಆಗಲೇ ಇಲ್ಲ. ಬಂದವರಿಗೆಲ್ಲ ನಾನು ಒಂದು ಮಾತು ತಪ್ಪದೆ ಹೇಳುತ್ತಿದ್ದೆ: "ಈ ಮನಿಗೆ ಒಂದು ಮುಷ್ಟಿ ಸಿಮೆಂಟ ಹತ್ತಿಲ್ರಿ." ಮೊದಮೊದಲು ಹೇಳುವಾಗ ನಾಲಿಗೆ ತಡವರಿಸುತ್ತಿತ್ತು. ಆಮೇಲಾಮೇಲೆ ಅದೇ ನಿಜ ಅನ್ನಿಸತೊಡಗಿತು. ಪಡುವಣ ಗೋಡೆಯ ಮೇಲೆ ಸಗಣಿ ಹಿಡಿಯದೆ ಹೊಪ್ಪಳಿಕೆ ಎದ್ದು ಉದುರುತ್ತಿತ್ತು. ಯಾರೂ ನೋಡದಂತೆ ಮತ್ತೆ ಸಾರಿಸುತ್ತಿದ್ದೆ.

ಎರಡನೆಯ ವರ್ಷದ ಬೇಸಿಗೆಯಲ್ಲಿ ಬಂಕಾಪುರದ ಕಡೆಯಿಂದ ಏಳೆಂಟು ಜನ ಬಸ್ಸಿನಲ್ಲಿ ಬಂದಿಳಿದರು. ಫಕ್ಕೀರಪ್ಪನವರ ಓಣಿಯವರು. ಕೂಲಿನಾಲಿ ಮಾಡುವ ಹನ್ನೊಂದು ಕುಟುಂಬಗಳಿಗೆ ಹೊಸದಾಗಿ ನಿವೇಶನ ಸಿಕ್ಕಿತ್ತು. ಎಲ್ಲರೂ ಕೂಡಿ, ಒಬ್ಬರ ಮನೆಗೆ ಒಬ್ಬರು ಮಣ್ಣು ತುಳಿದು, ಫಕ್ಕೀರಪ್ಪ ಮಣ್ಣು ಆರಿಸಿಕೊಟ್ಟು, ಇಂಥವೇ ಮನೆ ಕಟ್ಟಿಕೊಳ್ಳುವ ವಿಚಾರ. ಕಣ್ಣಿಂದ ನೋಡಿದ ಮೇಲೆ ನಿರ್ಧಾರ ಎಂದು ಬಂದಿದ್ದರು. ಮಧ್ಯಾಹ್ನ ಪೂರ್ತಿ ಒಳಗೆ ಕುಳಿತರು. ಬಸವ್ವ ಎನ್ನುವ ವಯಸ್ಸಾದ ಹೆಣ್ಣುಮಗಳು ಗೋಡೆಗೆ ಕೆನ್ನೆ ಹಚ್ಚಿ ಕುಳಿತು ಕಣ್ಣು ಮುಚ್ಚಿದಳು. ಹೋಗುವಾಗ ಸುಗ್ಗಿ ಮುಗಿದ ಕೂಡಲೇ ಪಾಯ ತೆಗೆಯುವುದೆಂದು ಮಾತಾಯಿತು. ಫಕ್ಕೀರಪ್ಪ ಪಡಸಾಲೆಯಲ್ಲಿ ನಿಂತು ತಂಬಾಕು ತಿಕ್ಕುತ್ತಿದ್ದರು. ಆದರೆ ಆ ದಿನ ಅವರ ಮುಖ ನೋಡಬೇಕಿತ್ತು ನೀವು.

ಅದೇ ಶ್ರಾವಣದಲ್ಲಿ ಗೋಡೆ ಹೊಟ್ಟೆ ಬಿಟ್ಟಿತು. ಎಲ್ಲಿಂದಲೋ ಒಳಗೆ ಹೊಕ್ಕ ನೀರಿಗೆ ಹೊರಗೆ ಬರಲು ದಾರಿಯಿರಲಿಲ್ಲ. ಒಂದು ಮುಂಜಾನೆ ನಡುಭಾಗ ಧೊಪ್ಪನೆ ಹೊರಗೆ ಜಾರಿ ಬಿತ್ತು. ಹೋಗಿ ನೋಡಿದರೆ ಸಿಮೆಂಟಿನ ಪದರ ಹಾಳೆ ಹಾಳೆಯಾಗಿ ನಿಂತಿದೆ, ಅದರ ಹಿಂದಿನ ಮಣ್ಣು ಅಂಬಲಿಯಾಗಿದೆ. ಅವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ನಾನು ಮೊದಲು ಮಾಡಿದ ಕೆಲಸ ಯಾವುದು ಗೊತ್ತೆ? ಶಾಲೆಗೆ ರಜೆ ಚೀಟಿ ಕಳಿಸಿ, ಆ ಸಿಮೆಂಟಿನ ಚೂರುಗಳನ್ನೆಲ್ಲ ಒಂದೊಂದಾಗಿ ಆರಿಸಿದೆ. ಗೋಡೆಗೆ ಇನ್ನೂ ಅಂಟಿದ್ದನ್ನು ಕಳೆ ತೆಗೆಯುವ ಕುರ್ಚಿಗೆಯಿಂದ ಎಬ್ಬಿಸಿದೆ. ಎಲ್ಲವನ್ನೂ ಬುಟ್ಟಿಯಲ್ಲಿ ಹೊತ್ತು ಹಿತ್ತಿಲಾಚೆಯ ಹಾಳು ಬಾವಿಗೆ ಸುರಿದೆ. ಹದಿನಾರು ಬುಟ್ಟಿ. ಆಮೇಲೆ ಕೈ ತೊಳೆದುಕೊಂಡು ಫಕ್ಕೀರಪ್ಪನವರಿಗೆ ಹೇಳಿ ಕಳಿಸಿದೆ.

ಅವರು ಮರುದಿನವೇ ಬಂದರು. ಬಿದ್ದ ಮಣ್ಣಿನ ಮುಂದೆ ಬಹಳ ಹೊತ್ತು ಕುಕ್ಕರಗಾಲಲ್ಲಿ ಕುಳಿತರು. ಉಳಿದ ಮೂರು ಗೋಡೆಗಳನ್ನು ಬಡಿದು ನೋಡಿದರು, ಕಲ್ಲಿನಂತೆ ಇದ್ದವು. ಮತ್ತೆ ಬಂದು ಕುಳಿತರು. ಅದೇ ತಗ್ಗಿನ ಮಣ್ಣು, ಅದೇ ಹುಲ್ಲು, ಅದೇ ಕೈ. ಮೂರು ನಿಂತು ಒಂದು ಬೀಳಬೇಕಾದರೆ ಏನು ಕಾರಣ? ಹುಡುಕಿ ಹುಡುಕಿ ಅವರು ತಮ್ಮ ಬಾಯಿಗೇ ಬಂದು ನಿಂತರು. ತಂಬಾಕು ಬಾಯಲ್ಲಿದ್ದರೆ ನಾಲಿಗೆಗೆ ಉಪ್ಪು ತಿಳಿಯುವುದಿಲ್ಲ. ಅದಕ್ಕೆ ಅವರು ಮಣ್ಣು ನೋಡುವ ಮೊದಲು ತಪ್ಪದೆ ಬಾಯಿ ಮುಕ್ಕಳಿಸುತ್ತಿದ್ದರು. ಆ ಒಂದು ದಿನ ಮರೆತಿರಬಹುದೆ?

"ಕಡೀ ಗಾಡಿ ಬಂದಾಗ ನನ್ನ ಬಾಯಾಗ ತಂಬಾಕ ಇತ್ತೇನ್ರಿ ಅಕ್ಕೋರ? ನಿಮಗ ನೆನಪೈತೇನು? ನೀವು ಬಾಜೂಕ ನಿಂತಿದ್ರಿ."

ನನಗೆ ನೆನಪಿರಲಿಲ್ಲ. ಇತ್ತೋ ಇಲ್ಲವೋ ಇಂದಿಗೂ ಗೊತ್ತಿಲ್ಲ. ಗೊತ್ತಿಲ್ಲ ಎಂದಿದ್ದರೂ ಆಗುತ್ತಿತ್ತು. ನಿಜ ಹೇಳುವ ಧೈರ್ಯ ಇಲ್ಲದಿದ್ದರೆ ಸುಮ್ಮನಿದ್ದರೂ ಆಗುತ್ತಿತ್ತು. ಆದರೆ ಅವರ ಮುಖದಲ್ಲಿ ಒಂದು ಉತ್ತರದ ಆಸೆ ಇತ್ತು, ನನಗೆ ಅದು ತಪ್ಪಿಸಿಕೊಳ್ಳುವ ಬಾಗಿಲಾಗಿ ಕಂಡಿತು —

"ಇತ್ತರಿ," ಎಂದೆ.

ಅವರು ತಲೆಯಾಡಿಸಿದರು. ಸೊಂಟದ ಚಂಚಿ ಬಿಚ್ಚಿ, ಅದರೊಳಗಿನ ತಂಬಾಕು, ಸುಣ್ಣದ ಡಬ್ಬಿ ಎಲ್ಲವನ್ನೂ ನಮ್ಮ ತಿಪ್ಪೆಗೆ ಸುರಿದರು. ನಲವತ್ತು ವರ್ಷದ ಚಟ, ನನ್ನ ಕಣ್ಣೆದುರಿಗೆ ಬಿಟ್ಟರು. ಆಮೇಲೆ ಎರಡು ತಿಂಗಳು ಇದ್ದು ಗೋಡೆಯನ್ನು ಹೊಸದಾಗಿ ಎಬ್ಬಿಸಿ ಕೊಟ್ಟರು. ಕೂಲಿ ಮುಟ್ಟಲಿಲ್ಲ. ಮಣ್ಣನ್ನು ಮಾತ್ರ ತಾವು ಆರಿಸಲಿಲ್ಲ. ಬಿದ್ದದ್ದನ್ನು ಬದಿಗೆ ಸರಿಸಿ, ಹಳೆಯ ತಗ್ಗಿನ ನಟ್ಟನಡುವಿನಿಂದಲೇ ತರಿಸಿದರು. ಹೊರಟ ದಿನ, ತಮ್ಮ ನಾಲಿಗೆ ಇನ್ನು ನಂಬಲಿಕ್ಕೆ ಬರುವುದಿಲ್ಲ, ಹನ್ನೊಂದು ಮಂದಿಯ ತಲೆಯ ಮೇಲೆ ಗೋಡೆ ಕೆಡವಲಾರೆ ಎಂದರು. ತಾವೇ ಹೋಗಿ ಅವರಿಗೆ ಹೇಳುವುದಾಗಿ ಹೇಳಿ ಚೀಲ ಹೆಗಲಿಗೆ ಹಾಕಿಕೊಂಡರು.

ಅವರು ಓಣಿ ದಾಟಿದ ಮೇಲೆ ಅವ್ವ ನನ್ನ ಎದುರು ಬಂದು ನಿಂತಳು. "ಬಸ್ಸು ನಾಲ್ಕೂವರಿಗೆ ಐತಿ. ಹೋಗಿ ಹೇಳಿ ಬಾ," ಎಂದಳು. ಗಡಿಯಾರ ನೋಡಿದೆ. ನಾಲ್ಕು ಗಂಟೆ. ಬಸ್ಸು ನಿಲ್ಲುವ ಆಲದ ಮರ ನಮ್ಮ ಮನೆಯಿಂದ ಐದು ನಿಮಿಷದ ದಾರಿ. ನಾನು ಮಕ್ಕಳ ಲೆಕ್ಕದ ಪಟ್ಟಿ ತಿದ್ದಲು ಕುಳಿತೆ. ನಾಲ್ಕೂವರೆಗೆ ಬಸ್ಸಿನ ಹಾರ್ನ್ ಕೇಳಿಸಿತು. ಅವ್ವ ಇನ್ನೆಂದೂ ಆ ಮಾತು ಎತ್ತಲಿಲ್ಲ.

ಹೆದರಿಕೆಯಿಂದ ಹಾಗೆ ಮಾಡಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಫಕ್ಕೀರಪ್ಪ ನನ್ನನ್ನು ಏನು ಮಾಡುತ್ತಿದ್ದರು? ಒಂದು ಮಾತು ಗದರುತ್ತಿರಲಿಲ್ಲ. 'ಒಂದು ಮುಷ್ಟಿ ಸಿಮೆಂಟ್ ಹತ್ತಿಲ್ಲ' ಎಂದು ಮೆರೆದಿದ್ದೆನಲ್ಲ, ಆ ಹೊಗಳಿಕೆ ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ. ಇದೇ ನಿಜ. ಇದಕ್ಕಿಂತ ದೊಡ್ಡ ಕಾರಣವಿದ್ದರೆ ಹೇಳಲು ಚೆನ್ನಾಗಿರುತ್ತಿತ್ತು.

ಹನ್ನೊಂದು ಮನೆಯವರು ಒಂದು ವರ್ಷ ಕಾದರಂತೆ, ಫಕ್ಕೀರಪ್ಪನವರ ಮನಸ್ಸು ಬದಲಾದೀತೆಂದು. ಆಮೇಲೆ ತೆಳ್ಳನೆಯ ಇಟ್ಟಿಗೆ ಗೋಡೆ ಎಬ್ಬಿಸಿ ಮೇಲೆ ತಗಡು ಹೊದಿಸಿಕೊಂಡರು. ಒಮ್ಮೆ ಶಿಗ್ಗಾಂವಿಗೆ ತರಬೇತಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಆ ಮನೆಗಳನ್ನು ಕಂಡೆ. ಏಪ್ರಿಲ್ ತಿಂಗಳ ನಡುಮಧ್ಯಾಹ್ನ. ಒಳಗೆ ಯಾರೂ ಇರಲಿಲ್ಲ. ಎಲ್ಲರೂ ಒಂದು ಬೇವಿನ ಮರದ ಕೆಳಗೆ ಸಾಲಾಗಿ ಕುಳಿತಿದ್ದರು. ಒಬ್ಬಾಕೆ ತಲೆಯ ಮೇಲೆ ಹಸಿ ಬಟ್ಟೆ ಹಾಕಿಕೊಂಡಿದ್ದಳು. ನಾನು ಮುಖ ಒಳಗೆ ತೆಗೆದುಕೊಂಡೆ. ಅದೇ ಸಂಜೆ ಮನೆಗೆ ಬಂದು, ಗೋಡೆಗೆ ಒರಗಿ, ಹಾಯಾಗಿ ನಿದ್ದೆ ಮಾಡಿದೆ. ನಿದ್ದೆ ಬರಲಿಲ್ಲ ಎಂದು ಬರೆದರೆ ಓದಲು ಚೆಂದ, ಆದರೆ ಬಂತು.

ಗೋಡೆ ಬಿದ್ದ ಎಂಟನೆಯ ವರ್ಷ ಅವ್ವ ತೀರಿಕೊಂಡಳು. ಎಂಬತ್ತರ ಹತ್ತಿರ ಹತ್ತಿರ ಬಾಳಿ, ಸಂಜೆ ಊಟ ಮಾಡಿ, ಮಲಗಿದಲ್ಲೇ ಹೋದಳು. ಆ ಮನೆಯಲ್ಲಿ ಹತ್ತು ವರ್ಷ ತೃಪ್ತಿಯಿಂದಲೇ ಇದ್ದಳು, ಅದರಲ್ಲಿ ನನಗೆ ಸಂಶಯವಿಲ್ಲ. ಮಾತಾಡಿಸಲು ಬಂದವರಲ್ಲಿ ಫಕ್ಕೀರಪ್ಪನವರೂ ಇದ್ದರು. ಮುದುಕರಾಗಿದ್ದರು. ಅವ್ವನ ಬಗ್ಗೆ ನಾಲ್ಕು ಮಾತಾಡಿ ಎದ್ದವರು, ಹೋಗುವ ಮುಂಚೆ ಮೂಡಣ ಗೋಡೆಯ ಮೇಲೆ ಅಂಗೈ ಆಡಿಸಿ ನಿಂತರು. ಇವು ಮೂರೂ ಹೇಗೆ ನಿಂತಿವೆ ನೋಡಿರಿ, ಆ ಒಂದು ಗಾಡಿ ಮಣ್ಣು ಇನ್ನೂ ಕನಸಿನಲ್ಲಿ ಬರುತ್ತದೆ ಎಂದರು. ನಗುತ್ತಲೇ ಅಂದರು. ಹೇಳಿ ಬಾ ಅಂದಿದ್ದ ಅವ್ವ ಹೋಗಿದ್ದಳು. ಆ ನಿಜ ಈಗ ಆ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತು. ನಾನೂ ಹೋದರೆ ಅದು ಎಲ್ಲಿ ಉಳಿಯುತ್ತದೆ?

ಕಳೆದ ವರ್ಷದ ಏಪ್ರಿಲ್‌ನಲ್ಲಿ ಶಾಲೆಗೆ ಸೂಟಿ ಬಿಟ್ಟ ಮೊದಲ ದಿನ ಬಂಕಾಪುರಕ್ಕೆ ಹೋದೆ. ಫಕ್ಕೀರಪ್ಪ ಮಗಳು ನೀಲವ್ವನ ಜೊತೆಗಿದ್ದಾರೆ. ಅವಳ ಮನೆಯೂ ಆ ಹನ್ನೊಂದರಲ್ಲಿ ಒಂದು. ಮರದ ಕೆಳಗೆ ಕಂಬಳಿ ಹಾಸಿ ಕೂರಲು ಹೇಳಿದರು. ನಾನು ನಿಂತೇ ಎಲ್ಲ ಹೇಳಿದೆ.

ಅವರು ನಂಬಲಿಲ್ಲ. ಈ ಮುದುಕನ ಸಮಾಧಾನಕ್ಕೆಂದು ಅಕ್ಕೋರು ಕಥೆ ಕಟ್ಟಿಕೊಂಡು ಬಂದಿದ್ದಾರೆ ಎಂದು ಮಗಳಿಗೆ ಹೇಳಿ ನಕ್ಕರು. ಮಕ್ಕಳಿಗೆ ಪಾಠ ಹೇಳುವವರು ಇಂಥದ್ದು ಮಾಡಲಾರರಂತೆ. ತೋರಿಸೋಣವೆಂದರೆ ಸಾಕ್ಷಿಯನ್ನೆಲ್ಲ ನಾನೇ ಬಾವಿಗೆ ಸುರಿದಿದ್ದೆ. ನನ್ನ ಸುಳ್ಳನ್ನು ಒಂದೇ ಪದಕ್ಕೆ ನಂಬಿದವರು, ನಿಜವನ್ನು ಅರ್ಧ ತಾಸು ಹೇಳಿದರೂ ನಂಬಲೊಲ್ಲರು. ಕಡೆಗೆ ಹಂಚು ಒಟ್ಟಿದ್ದನ್ನು ಹೇಳಿದೆ. ಸಗಣಿ ಹಿಡಿಯದೆ ಹೊಪ್ಪಳಿಕೆ ಏಳುತ್ತಿದ್ದುದನ್ನು ಹೇಳಿದೆ. ಅಲ್ಲಿ ಅವರ ನಗು ನಿಂತಿತು. ಬರೀ ಮಣ್ಣಿನ ಮೇಲೆ ಸಗಣಿ ಹೊಪ್ಪಳಿಸುವುದಿಲ್ಲ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ನೆಲದ ಮಣ್ಣು ಒಂದು ಚಿಟಿಕೆ ಎತ್ತಿ ಬೆರಳಲ್ಲಿ ತಿಕ್ಕಿದರು. "ಹಂಗಾರ ಆ ಗಾಡಿ ಮಣ್ಣು ಚಲೋ ಇತ್ತು," ಎಂದರು. ನನ್ನನ್ನು ಕೇಳಿದ್ದಲ್ಲ, ತಮಗೆ ತಾವೇ ಹೇಳಿಕೊಂಡದ್ದು. ಕಣ್ಣಲ್ಲಿ ನೀರು ಬಂತು, ಟವೆಲ್‌ನಿಂದ ಒರೆಸಿಕೊಂಡರು. ಕ್ಷಮಿಸಿದೆ ಎನ್ನಲಿಲ್ಲ. ನಾನು ಕೇಳಲೂ ಇಲ್ಲ. ಆಮೇಲೆ ಸುತ್ತಲಿನ ತಗಡುಗಳ ಕಡೆ ಗದ್ದ ತೋರಿಸಿ ಅಂದರು:

"ನನಗ ಹೇಳಿದ್ರಿ, ಆತು. ಇವರಿಗೆ ನಾ ಹೇಳಿದ್ರ ನನ್ನ ನಾನ ಹೊಗಳಿಕೊಂಡಂಗ ಆಕ್ಕೈತಿ. ನೀವ ಹೇಳ್ರಿ."

ಅದೇ ಬಿಸಿಲಿನಲ್ಲಿ 'ನೀವ ಹೇಳ್ರಿ' ಎಂದ ಮೇಲೆ ಇನ್ನೊಂದು ದಿನ ಬರುತ್ತೇನೆ ಎನ್ನಲು ಬಾಯಿ ಬರಲಿಲ್ಲ. ಒಂದೊಂದೇ ಮನೆಗೆ ಹೋದೆ. ನೀಲವ್ವ ಜೊತೆಗೆ ಬಂದಳು, ಬಾಗಿಲಲ್ಲಿ ನಿಲ್ಲುವಳು. ಪ್ರತಿ ಮನೆಯಲ್ಲೂ ಒಳಗೇ ಕುಳಿತು ಹೇಳಿದೆ, ಮರದ ಕೆಳಗೆ ಕರೆದರೂ ಹೋಗಲಿಲ್ಲ. ಒಬ್ಬರು ಬೈದರು. ಒಬ್ಬರಿಗೆ ನಾನು ಏನು ಹೇಳುತ್ತಿದ್ದೇನೆಂದೇ ತಿಳಿಯಲಿಲ್ಲ, ಎರಡು ಸಲ ಹೇಳಬೇಕಾಯಿತು. ಎರಡನೆಯ ಸಲ ಹೇಳುವುದು ಮೊದಲಿಗಿಂತ ಕಷ್ಟ. ಬಸವ್ವ, ಅಂದು ಗೋಡೆಗೆ ಕೆನ್ನೆ ಹಚ್ಚಿದ್ದಾಕೆ, ಪೂರ್ತಿ ಕೇಳಿಸಿಕೊಂಡಳು. ಎದ್ದು ತಂಬಿಗೆಯಲ್ಲಿ ನೀರು ತಂದು ನನ್ನ ಮುಂದಿಟ್ಟಳು. "ಎಂಟು ಬ್ಯಾಸಗಿ ಆದುವ್ರಿ ಅಕ್ಕೋರ," ಎಂದಳು. ಅಷ್ಟೇ. ನೀರು ಬೆಚ್ಚಗಿತ್ತು. ಕುಡಿದೆ.

ಈ ವರ್ಷ ಸುಗ್ಗಿ ಮುಗಿದ ಮೇಲೆ ನೀಲವ್ವ ಮೊದಲು ತನ್ನ ತಗಡು ಇಳಿಸಿದಳು. ಅರವತ್ತೈದು ದಾಟಿದ ಅಪ್ಪ ಕೋಲೂರಿಕೊಂಡು ಹೋಗಿ ಮಣ್ಣು ಆರಿಸಿದರು. ತಂಬಾಕು ಮತ್ತೆ ಹಿಡಿಯಲಿಲ್ಲ; ನಿಮ್ಮ ಸುಳ್ಳಿನಿಂದ ಹಲ್ಲಾದರೂ ಉಳಿದವು ಎಂದು ನನ್ನನ್ನು ಚುಡಾಯಿಸಿದರು. ಮೊದಲ ತಗ್ಗಿನಲ್ಲಿ ಉಗುಳಿದರು, ಎರಡನೆಯದರಲ್ಲಿ ಉಗುಳಿದರು, ಮೂರನೆಯದರಲ್ಲಿ ನುಂಗಿದರು. ನಾಲಿಗೆ ಎಲ್ಲೂ ಹೋಗಿರಲಿಲ್ಲ. ನಾನು ನಾಲ್ಕು ರವಿವಾರ ಹೋಗಿ ಕೆಸರು ತುಳಿದೆ. ನಲವತ್ತಾರರ ಮೊಣಕಾಲು ಬೇಡ ಬೇಡ ಎಂದರೂ ತುಳಿದೆ. ಬಸವ್ವನ ಮನೆಯ ಪಾಯ ಮುಂದಿನ ತಿಂಗಳು. ಅದಕ್ಕೂ ಹೋಗುತ್ತೇನೆ. ಹೀಗೆ ತುಳಿದರೆ ಎಂಟು ಬೇಸಿಗೆ ವಾಪಸು ಬರುತ್ತವೆಂದಲ್ಲ. ಮಣ್ಣು ತುಳಿಯುವವರು ಬೇಕು, ನನಗೆ ಕಾಲಿದೆ, ಅಷ್ಟೇ.

ಹನ್ನೊಂದರಲ್ಲಿ ಎಂಟು ಮನೆಗೆ ಹೇಳಿ ಬಂದೆ. ಉಳಿದ ಮೂರಕ್ಕೆ ಬೀಗ. ಒಬ್ಬರು ಗೋವಾಕ್ಕೆ ಕೆಲಸ ಹುಡುಕಿಕೊಂಡು ಹೋದರಂತೆ, ಒಬ್ಬರು ಹುಬ್ಬಳ್ಳಿಗೆ, ಇನ್ನೊಬ್ಬರು ಎಲ್ಲಿಗೆಂದು ಯಾರಿಗೂ ಗೊತ್ತಿಲ್ಲ. ತಗಡಿನ ಸೆಕೆಗೆ ಊರು ಬಿಟ್ಟರೋ ಹೊಟ್ಟೆಪಾಡಿಗೆ ಬಿಟ್ಟರೋ ತಿಳಿಯದು. ಹೋದಲ್ಲೆಲ್ಲ ಅವರು ಹೇಳುತ್ತಿರಬಹುದು — ನಮ್ಮ ಓಣಿಯಲ್ಲಿ ಒಬ್ಬ ಫಕ್ಕೀರಪ್ಪನಿದ್ದ, ಕಡೆಗಾಲಕ್ಕೆ ಅವನ ನಾಲಿಗೆ ಕೆಟ್ಟಿತು, ಅದಕ್ಕೇ ನಮಗೆ ಮಣ್ಣಿನ ಮನೆ ಆಗಲಿಲ್ಲ ಅಂತ.

ಆ ಮೂರು ಬಾಗಿಲುಗಳಿಗಾಗಿ ಇದನ್ನು ಬರೆದೆ. ಅವರಲ್ಲಿ ಯಾರಾದರೂ ನಿಮಗೆ ಸಿಕ್ಕರೆ, ಓದಲು ಬರದವರಾದರೆ, ದಯವಿಟ್ಟು ಓದಿ ಹೇಳಿ. ಫಕ್ಕೀರಪ್ಪ ಆರಿಸಿದ ಮಣ್ಣು ಚಲೋ ಇತ್ತು. ಸುಳ್ಳು ಹೇಳಿದ್ದು ಅಕ್ಕೋರು.